ನೋವಿಗೆಷ್ಟು ಅಂಕ?

ಜಡೆ ಹಾಕಿಕೊಳ್ಳುವುದೂ ಒಂದು ಸರ್ಕಾರಿ ಪರೀಕ್ಷೆ ಎಂದರೆ ನೀವು ನಗಬಹುದು. ಆದರೆ ಮಾತು ನಿಜ. ಅಂಗವಿಕಲತೆಯನ್ನು ಅಳೆಯಲು ಕೇಂದ್ರ ಸರ್ಕಾರ 2001ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ತೋಳು-ಕೈಗಳ ಪರೀಕ್ಷೆಗೆಂದು ಹತ್ತು ಕೆಲಸಗಳ ಪಟ್ಟಿ ಕೊಟ್ಟಿತ್ತು. ತಲೆಗಿಂತ ಎತ್ತರದಲ್ಲಿರುವ ವಸ್ತುವನ್ನು ತೆಗೆದು ಮತ್ತೆ ಅಲ್ಲೇ ಇಡುವುದು, ಮೂಗು ಮುಟ್ಟುವುದು, ನಮ್ಮ ಪದ್ಧತಿಯಂತೆ ಕೈಯಿಂದ ಉಣ್ಣುವುದು, ತಲೆ ಬಾಚಿ ಜಡೆ ಹಾಕುವುದು, ಅಂಗಿ ತೊಡುವುದು, ಗುಂಡಿ ಹಾಕುವುದು, ಲಾಡಿ ಕಟ್ಟುವುದು, ಶೌಚ ಮಾಡಿಕೊಳ್ಳುವುದು, ಒಂದು ಲೋಟ ನೀರು ಕುಡಿಯುವುದು, ಬರೆಯುವುದು. ಒಂದೊಂದಕ್ಕೂ ಶೇಕಡಾ 9 ಅಂಕ.

ಪಟ್ಟಿ ಮಾಡಿದವರು ನಮ್ಮ ನೆಲದ ಬದುಕನ್ನು ಬಲ್ಲವರೇ. ಜಡೆಯನ್ನು ನೆನಪಿಟ್ಟುಕೊಂಡರಲ್ಲ! ಆದರೆ ಹಿಟ್ಟು ನಾದುವುದು, ರೊಟ್ಟಿ ತಟ್ಟುವುದು, ಒದ್ದೆ ಸೀರೆ ಹಿಂಡುವುದು, ತುಂಬಿದ ಕೊಡ ಎತ್ತುವುದು ಅದರಲ್ಲಿ ಇರಲಿಲ್ಲ. ಸಂಧಿವಾತ ಬಂದ ಹೆಂಗಸಿನ ಕೈಗೆ ಮೊದಲು ಒಲ್ಲದಾಗುವುದು ಇವೇ ಕೆಲಸಗಳು. ಏಕೆಂದರೆ ಆ ಕಾಯಿಲೆ ಹೆಚ್ಚಾಗಿ ಬೆರಳು, ಮಣಿಕಟ್ಟಿನ ಸಣ್ಣ ಕೀಲುಗಳನ್ನೇ ಮೊದಲು ಹಿಡಿಯುತ್ತದೆ.

ಈ ಕಾಯಿಲೆಗೂ ಹೆಂಗಸರಿಗೂ ನಂಟು ಹಳೆಯದು. ಪ್ಯಾರಿಸಿನ ಸಾಲ್‌ಪೆಟ್ರಿಯೇರ್ ಆಸ್ಪತ್ರೆ ಬಡ ಹೆಂಗಸರ ಆಶ್ರಯತಾಣವಾಗಿತ್ತು. ಅಲ್ಲಿ 1800ರಲ್ಲಿ ಲಾಂದ್ರೆ-ಬೊವೆ ಎಂಬ ತರುಣ ವೈದ್ಯ, ಕೀಲುಗಳು ಊದಿ ಸೊಟ್ಟಗಾದ ರೋಗಿಗಳನ್ನು ಕಂಡು ಒಂದು ಪ್ರಬಂಧ ಬರೆದ. ಅಲ್ಲಿಯವರೆಗೆ ವೈದ್ಯರ ಗಮನವೆಲ್ಲ ಉಳ್ಳವರ, ಅದರಲ್ಲೂ ಗಂಡಸರ ಗೌಟ್ ಕಡೆಗೇ ಇತ್ತು. ಇದು ಬೇರೆ ಬಗೆಯದು, ಬಡವರಿಗೂ ಹೆಂಗಸರಿಗೂ ಹೆಚ್ಚಾಗಿ ಬರುವಂಥದು ಎಂದು ಆತ ಗುರುತಿಸಿದ. 1859ರಲ್ಲಿ ಇಂಗ್ಲೆಂಡಿನ ಆಲ್‌ಫ್ರೆಡ್ ಗ್ಯಾರಡ್ ಅದಕ್ಕೆ ರುಮಟಾಯ್ಡ್ ಆರ್ಥ್ರೈಟಿಸ್ ಎಂದು ಹೆಸರಿಟ್ಟ. ಇಂದಿಗೂ ಗಂಡಸರಿಗಿಂತ ಎರಡು-ಮೂರು ಪಟ್ಟು ಹೆಚ್ಚು ಹೆಂಗಸರಿಗೆ ಈ ರೋಗ ಬರುತ್ತದೆ.

ವೈದ್ಯರು ಹೆಸರಿಟ್ಟರು, ಸರಿ. ಆದರೆ ಪರಿಹಾರದ ಲೆಕ್ಕ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ಕಾರ್ಖಾನೆಯಲ್ಲಿ. ನಮ್ಮ ದೇಶದಲ್ಲಿ 1923ರಲ್ಲಿ ಕಾರ್ಮಿಕರ ಪರಿಹಾರ ಕಾಯಿದೆ ಬಂತು. ಮುಂದೆ ತಿದ್ದುಪಡಿಯಾದ ಅದರ ಪಟ್ಟಿಯಲ್ಲಿ ಕೈಯ ಹೆಬ್ಬೆರಳು ಹೋದರೆ ಶೇಕಡಾ 30, ತೋರುಬೆರಳು ಪೂರ್ತಿ ಹೋದರೆ 14, ಕಿರುಬೆರಳಿಗೆ 7 ಎಂದಿತ್ತು. ಯಂತ್ರಕ್ಕೆ ಸಿಕ್ಕ ಕೈಗೆ ಅದು ನ್ಯಾಯವೇ. ಕೂಲಿಯೂ ಗೊತ್ತು, ಹೋದದ್ದೂ ಗೊತ್ತು, ಗುಣಾಕಾರ ಮಾಡಿದರಾಯಿತು. ಆದರೆ ಸಂಧಿವಾತ ಬೆರಳನ್ನು ಒಯ್ಯುವುದಿಲ್ಲ. ಹತ್ತೂ ಬೆರಳು ಅಲ್ಲೇ ಇರುತ್ತವೆ. ಮನೆಗೆಲಸದ ಹೆಂಗಸಿಗೆ ಕೂಲಿಯ ಲೆಕ್ಕವೂ ಇಲ್ಲ. ಎರಡು ಕಡೆಯಿಂದಲೂ ಅವಳು ಆ ಗುಣಾಕಾರದ ಹೊರಗೇ ಉಳಿದಳು.

1995ರ ಡಿಸೆಂಬರಿನಲ್ಲಿ ಅಂಗವಿಕಲರು ಸಂಸತ್ತಿನ ಬಳಿ ಪ್ರತಿಭಟಿಸಿ ಒತ್ತಾಯಿಸಿದ ಮೇಲೆ ಅವರ ಹಕ್ಕುಗಳ ಕಾಯಿದೆ ಅಂಗೀಕಾರವಾಯಿತು. 1996ರ ಫೆಬ್ರವರಿ 7ರಿಂದ ಜಾರಿಗೆ ಬಂತು. ಅದು ಏಳು ಬಗೆಯ ಅಂಗವಿಕಲತೆಯನ್ನು ಒಪ್ಪಿತು. ಚಲನೆಯ ಅಂಗವಿಕಲತೆಯನ್ನು ವಿವರಿಸುವಾಗ ಮೂಳೆ, ಸ್ನಾಯುಗಳ ಜೊತೆಗೆ ಕೀಲು ಎಂಬ ಮಾತನ್ನೂ ಸೇರಿಸಿತು. ಶೇಕಡಾ 40 ಎಂಬ ಗೆರೆಯನ್ನೂ ಎಳೆಯಿತು. ಗೆರೆಯ ಈಚೆಗಿದ್ದರೆ ಸವಲತ್ತು, ಆಚೆಗಿದ್ದರೆ ಬರಿಗೈ.

ಹಾಗಾದರೆ ನೋವಿನ ಗತಿ? 2001ರ ಮಾರ್ಗಸೂಚಿಯಲ್ಲಿ ಕಾಲಿನ ಲೆಕ್ಕಕ್ಕೆ ಬಂದಾಗ ನೋವಿಗೂ ಜಾಗವಿತ್ತು, ಹೆಚ್ಚುವರಿ ಅಂಕದ ಸಾಲಿನಲ್ಲಿ. ಓಡಾಟವನ್ನೇ ಕೆಡಿಸುವ ತೀವ್ರ ನೋವಿಗೆ 9, ಮಧ್ಯಮ ನೋವಿಗೆ 6, ಅಲ್ಪ ನೋವಿಗೆ 3. ಎಲೆಯ ತುದಿಯಲ್ಲಿ ಬಡಿಸುವ ಉಪ್ಪಿನಕಾಯಿಯ ಹಾಗೆ! ಊಟವೆಂದರೆ ಕೀಲು ಎಷ್ಟು ಬಾಗುತ್ತದೆ, ಸ್ನಾಯುವಿಗೆ ಎಷ್ಟು ಬಲವಿದೆ ಎಂಬುದು. ಕೋನಮಾಪಕ ಹಿಡಿದು ಅಳೆದರೆ ಅದು ಗೊತ್ತಾಗುತ್ತದೆ. ನೋವನ್ನು ಅಳೆಯುವ ಕಡ್ಡಿ ಯಾರ ಬಳಿಯೂ ಇಲ್ಲವಲ್ಲ.

ಇನ್ನೊಂದು ತೊಡಕೂ ಇದೆ. ಸಂಧಿವಾತದ ಬಿಗಿತ ಬೆಳಗಿನ ಹೊತ್ತು ಜಾಸ್ತಿ, ಒಂದು ಗಂಟೆಗೂ ಮೀರಿ ಇರುತ್ತದೆ. ಐದೂವರೆಗೆ ಹಾಲಿನ ಪಾತ್ರೆ ಹಿಡಿಯಲಾಗದ ಕೈ, ಹನ್ನೊಂದಕ್ಕೆ ಜಿಲ್ಲಾಸ್ಪತ್ರೆಯ ವೈದ್ಯರ ಮುಂದೆ ಚಾಚಿದಾಗ ಸಾಕಷ್ಟು ಸಡಿಲಾಗಿರುತ್ತದೆ. ಬಸ್ಸಿನಲ್ಲಿ ಬರಬೇಕಲ್ಲ ಎಂದು ಮಾತ್ರೆಯನ್ನೂ ನುಂಗಿರುತ್ತಾಳೆ. ನಾಲ್ಕು ಜನರೆದುರು ಹೋಗುವಾಗ ಒಳ್ಳೆಯ ಸೀರೆ, ನೀಟಾದ ಜಡೆ. ಆ ಜಡೆ ಹಾಕಿದವಳು ಮಗಳು ಎಂಬುದನ್ನು ಯಾರೂ ಕೇಳುವುದಿಲ್ಲ, ಇವಳೂ ಹೇಳುವುದಿಲ್ಲ.

2016ರಲ್ಲಿ ಹೊಸ ಕಾಯಿದೆ ಬಂತು, 2017ರ ಏಪ್ರಿಲ್ 19ರಿಂದ ಜಾರಿಯಾಯಿತು. ಏಳು ಇದ್ದದ್ದು ಇಪ್ಪತ್ತೊಂದಾಯಿತು. ಪಾರ್ಕಿನ್‌ಸನ್, ಹಿಮೋಫಿಲಿಯಾ ಹೆಸರು ಹಿಡಿದು ಸೇರಿದವು. ಸಂಧಿವಾತದ ಹೆಸರು ಬರಲಿಲ್ಲ. ಆದರೂ ಬಾಗಿಲು ಮುಚ್ಚಿಲ್ಲ. ತನ್ನ ದೇಹವನ್ನೂ ವಸ್ತುಗಳನ್ನೂ ಚಲಿಸುವ ಕೆಲಸ ಮಾಡಲಾಗದಿರುವುದೇ ಚಲನೆಯ ಅಂಗವಿಕಲತೆ ಎಂದು ಆ ಕಾಯಿದೆ ಹೇಳುತ್ತದೆ. ತುಂಬಿದ ಕೊಡವೂ ವಸ್ತುವೇ ಅಲ್ಲವೇ? ಅಳತೆಯ ಮಾರ್ಗಸೂಚಿ 2018ರಲ್ಲಿ, ಮತ್ತೆ 2024ರಲ್ಲಿ ಹೊಸದಾಯಿತು. ಶೇಕಡಾ 40ರ ಗೆರೆ ಮಾತ್ರ ಅಲ್ಲೇ ಇದೆ. 2009ರಲ್ಲಿ ಶುರುವಾದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲರ ಪಿಂಚಣಿಗಂತೂ ಶೇಕಡಾ 80 ಬೇಕು, ಜೊತೆಗೆ ಬಡತನದ ರೇಖೆಗಿಂತ ಕೆಳಗಿರಬೇಕು.

ಆದ್ದರಿಂದ ಕೇಳಲು ಹೋಗುವವರು ಸಿದ್ಧರಾಗಿ ಹೋಗಬೇಕು. 2021ರ ಜೂನ್ 1ರಿಂದ ಪ್ರಮಾಣಪತ್ರಕ್ಕೆ ಯುಡಿಐಡಿ ಜಾಲತಾಣದ ಮೂಲಕವೇ ಅರ್ಜಿ ಹಾಕಬೇಕು. ಹಳೆಯ ಚೀಟಿಗಳು, ಎಕ್ಸ್‌ರೇ, ರಕ್ತಪರೀಕ್ಷೆಯ ಕಾಗದಗಳನ್ನು ವರ್ಷವಾರು ಜೋಡಿಸಿಕೊಳ್ಳಿ. ಒಂದು ತಿಂಗಳ ಮಟ್ಟಿಗೆ, ಬೆಳಗ್ಗೆ ಯಾವ ಕೆಲಸ ಕೈಯಲ್ಲಾಗಲಿಲ್ಲ, ಬಿಗಿತ ಎಷ್ಟು ಹೊತ್ತಿಗೆ ಬಿಟ್ಟಿತು ಎಂದು ಹಾಲಿನ ಲೆಕ್ಕದ ಹಾಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ವೈದ್ಯರು ಕೇಳದಿದ್ದರೂ ನೀವಾಗಿಯೇ ಹೇಳಿ. ಕೊಟ್ಟ ಅಂಕ ಸರಿಯಿಲ್ಲವೆನಿಸಿದರೆ 2016ರ ಕಾಯಿದೆಯ 59ನೆಯ ಕಲಮಿನಲ್ಲಿ ಮೇಲ್ಮನವಿಗೆ ಅವಕಾಶವಿದೆ.

ಅರ್ಜಿ ತಿರಸ್ಕೃತವಾದ ದಿನ ಮನೆಯಲ್ಲಿ ಒಂದು ಮಾತು ಹುಟ್ಟುತ್ತದೆ: "ಡಾಕ್ಟರೇ ಏನೂ ಇಲ್ಲ ಅಂದ್ರಲ್ಲ!" ಡಾಕ್ಟರು ಹಾಗೆ ಅಂದಿರುವುದಿಲ್ಲ. ಒಂದು ಸವಲತ್ತಿಗೆ ಬೇಕಾದಷ್ಟು ಅಂಕ ಬರಲಿಲ್ಲ ಎಂದಷ್ಟೇ ಆ ಕಾಗದದ ಅರ್ಥ. ಶೇಕಡಾ 38 ಬಂದವಳು ಮರುದಿನ ಹಿಟ್ಟು ನಾದಬಲ್ಲಳು ಎಂದು ಯಾವ ಕಾಯಿದೆಯೂ ಹೇಳಿಲ್ಲ. ಇಷ್ಟನ್ನು ತಿಳಿದು, ಮನೆಯ ಮಿಕ್ಕವರು ಆ ಹಿಟ್ಟಿನ ಪಾತ್ರೆಯನ್ನು ತಮ್ಮ ಕೈಗೆ ತೆಗೆದುಕೊಳ್ಳಲು ಯಾವ ಪ್ರಮಾಣಪತ್ರವೂ ಬೇಕಿಲ್ಲ.