ಅಗ್ಗದ ಟಿಕೆಟ್, ದಣಿದ ಪೈಲಟ್

2025ರ ಡಿಸೆಂಬರ್ ಮೊದಲ ವಾರ ಇಂಡಿಗೊ ಸಂಸ್ಥೆಯ ಸಾವಿರಾರು ವಿಮಾನಗಳು ರದ್ದಾದವು. ಡಿಸೆಂಬರ್ 5ರ ಒಂದೇ ದಿನ ರದ್ದಾದವು ಸಾವಿರಕ್ಕೂ ಹೆಚ್ಚು. ಹುಬ್ಬಳ್ಳಿಯಲ್ಲಿ ನಡೆದ ಒಂದು ಆರತಕ್ಷತೆಯಲ್ಲಿ ವಧೂವರರು ಬರಲಾಗದೆ ವಿಡಿಯೊ ಪರದೆಯ ಮೇಲೆ ಕಾಣಿಸಿಕೊಂಡರು. ಮಕ್ಕಳನ್ನು ಪುಣೆಗೋ ದೆಹಲಿಗೋ ಕಳಿಸಿದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಮನೆಗಳಲ್ಲೂ ಆ ವಾರ ಇದೇ ಮಾತು. ಮಾತು ಸುತ್ತಿ ಸುತ್ತಿ ಒಂದೇ ಕಡೆ ಬಂದು ನಿಲ್ಲುತ್ತಿತ್ತು: ಪೈಲಟ್‌ಗಳಿಗೆ ವಿಶ್ರಾಂತಿ ಜಾಸ್ತಿ ಕೊಟ್ಟರು, ಅದಕ್ಕೇ ವಿಮಾನ ನಿಂತವು.

ಇದು ತಪ್ಪು ಓದು. ಆ ವಿಶ್ರಾಂತಿ ನಿಯಮ ರಾತ್ರೋರಾತ್ರಿ ಬಂದದ್ದಲ್ಲ. ಅದನ್ನು ಹೊರಡಿಸಿ ಆಗಲೇ ಎರಡು ವರ್ಷವಾಗುತ್ತ ಬಂದಿತ್ತು. ಅದರ ಹಿಂದೆ ಇನ್ನೂ ಉದ್ದವಾದ ಜಗಳವಿದೆ. ಬೆಂಗಳೂರಿನ ಕಾರ್ಮಿಕ ವಿವಾದಗಳ ನಡುವೆ ಉದ್ಯೋಗದ ಬಹುಭಾಗ ಕಳೆದ ನನಗೆ, ಈ ಜಗಳದ ಕಥೆ ಕನ್ನಡದಲ್ಲಿ ಒಟ್ಟಾಗಿ ಎಲ್ಲೂ ಸಿಗುವುದಿಲ್ಲ ಎಂಬುದು ಬಹುಕಾಲದ ಕೊರಗು. ಮಾಲೀಕನ ಕಥೆ ಸಿಗುತ್ತದೆ. ನಮ್ಮ ತಿಪಟೂರಿಗೆ ಹೊಂದಿಕೊಂಡ ಅರಸೀಕೆರೆ ತಾಲ್ಲೂಕಿನ ಜಾವಗಲ್ ಬಳಿ ಬೇಸಾಯ ಮಾಡಿ, ತೆಂಗು ಬೆಳೆಸಿ, ರೇಷ್ಮೆ ಕೃಷಿಗಾಗಿ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಪಡೆದು, ಆಮೇಲೆ ಏರ್ ಡೆಕ್ಕನ್ ಕಟ್ಟಿದ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಬದುಕು ಪುಸ್ತಕವಾಗಿದೆ, 2020ರಲ್ಲಿ ಸಿನಿಮಾಕ್ಕೂ ಆಧಾರವಾಗಿದೆ. ಅದು ಹೆಮ್ಮೆಯ ಕಥೆಯೇ. ಆದರೆ ಆ ವಿಮಾನಗಳನ್ನು ಹಾರಿಸಿದವರ ಕಥೆಯನ್ನೂ ಯಾರಾದರೂ ಹೇಳಬೇಕಲ್ಲ.

ಮೊದಲ ಘಟ್ಟವನ್ನು ಬೇಗ ದಾಟಬಹುದು. 1953ರಲ್ಲಿ ವಿಮಾನ ಸಂಸ್ಥೆಗಳು ರಾಷ್ಟ್ರೀಕರಣಗೊಂಡ ಮೇಲೆ ಪೈಲಟ್‌ಗಳಿಗಿದ್ದ ಒಡೆಯ ಸರ್ಕಾರವೊಂದೇ. ಏರ್ ಇಂಡಿಯಾದಲ್ಲಿ ಇಂಡಿಯನ್ ಪೈಲಟ್ಸ್ ಗಿಲ್ಡ್, ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಇಂಡಿಯನ್ ಕಮರ್ಷಿಯಲ್ ಪೈಲಟ್ಸ್ ಅಸೋಸಿಯೇಷನ್. ಎರಡೂ ಬಲವಾದ ಸಂಘಗಳು. 1973ರ ಕೊನೆಯಲ್ಲಿ ಇಂಡಿಯನ್ ಏರ್‌ಲೈನ್ಸ್ ಲಾಕೌಟ್ ಘೋಷಿಸಿತು. ಆಗ ಅದರ ಅಧ್ಯಕ್ಷರಾಗಿದ್ದವರು ವಾಯುಪಡೆಯ ಮಾಜಿ ಮುಖ್ಯಸ್ಥ ಪಿ.ಸಿ. ಲಾಲ್. 1992ರ ಕೊನೆಯಲ್ಲಿ ನಡೆದ ಇಂಡಿಯನ್ ಏರ್‌ಲೈನ್ಸ್ ಪೈಲಟ್‌ಗಳ ಮುಷ್ಕರದಲ್ಲಿ ಹೊರದೇಶದ ವಿಮಾನ, ಹೊರದೇಶದ ಸಿಬ್ಬಂದಿಯನ್ನು ಬಾಡಿಗೆಗೆ ತಂದರು. ಅಂಥದೊಂದು ಟುಪೊಲೆವ್ ವಿಮಾನ 1993ರ ಜನವರಿ 9ರಂದು ದೆಹಲಿಯ ಮಂಜಿನಲ್ಲಿ ಇಳಿಯುವಾಗ ಮಗುಚಿತು. ಜೀವಹಾನಿಯಾಗಲಿಲ್ಲ. ಮುಷ್ಕರ ಮುರಿಯುವ ಆತುರದಲ್ಲಿ ಸುರಕ್ಷತೆ ಎಲ್ಲಿಗೆ ಸರಿಯುತ್ತದೆ ಎಂಬುದಕ್ಕೆ ಅದು ಮೊದಲ ಎಚ್ಚರಿಕೆ. ಆ ಕಾಲದ ಪೈಲಟ್‌ಗಳು ಹಟಮಾರಿಗಳಾಗಿದ್ದರು ಎಂಬ ಆರೋಪದಲ್ಲಿ ಸತ್ಯವಿದೆ. ಆದರೆ ಎರಡೂ ಕಡೆಯವರು ಎದುರುಬದುರು ಕೂತು ಮಾತಾಡಲು ಒಂದು ಮೇಜಿತ್ತು ಎಂಬುದೂ ಅಷ್ಟೇ ಸತ್ಯ. ಮುಂದಿನ ಕಾಲದಲ್ಲಿ ಆ ಮೇಜೇ ಇಲ್ಲವಾಯಿತು.

2003ರಲ್ಲಿ ಏರ್ ಡೆಕ್ಕನ್ ಹಾರಿತು. ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಿಂದ ಚಿಕ್ಕ ಎಟಿಆರ್ ವಿಮಾನಗಳು ಹುಬ್ಬಳ್ಳಿ, ಮಂಗಳೂರಿನಂಥ ಊರುಗಳಿಗೆ ಹೋಗಿಬರತೊಡಗಿದವು. 2005ರಲ್ಲಿ ಸ್ಪೈಸ್‌ಜೆಟ್, ಕಿಂಗ್‌ಫಿಷರ್, ಗೋಏರ್, 2006ರಲ್ಲಿ ಇಂಡಿಗೊ. ವಿಮಾನಗಳ ಆರ್ಡರ್ ನೂರರ ಲೆಕ್ಕದಲ್ಲಿ ಏರಿತು, ವಿಮಾನದ ಹೊಣೆ ಹೊರುವ ಹಿರಿಯ ಪೈಲಟ್‌ಗಳು, ಅಂದರೆ ಕಮಾಂಡರ್‌ಗಳು, ಮಾತ್ರ ಬೆರಳೆಣಿಕೆ. ಸಂಸ್ಥೆಗಳು ಒಂದರ ಪೈಲಟನ್ನು ಇನ್ನೊಂದು ಸೆಳೆಯತೊಡಗಿದವು. ಕಾರ್ಮಿಕನಿಗೆ ಬೇಡಿಕೆ ಬಂದಾಗ ಕೂಲಿ ಏರುವುದು ಮಾರುಕಟ್ಟೆಯ ಧರ್ಮ. ಆದರೆ 2005ರ ಸೆಪ್ಟೆಂಬರ್‌ನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಪೈಲಟ್ ಕೆಲಸ ಬಿಡಬೇಕಾದರೆ ಆರು ತಿಂಗಳ ನೋಟಿಸ್ ಕೊಡಬೇಕು, ಹೇಳದೆ ಬಿಟ್ಟು ವಿಮಾನ ರದ್ದಾದರೆ ಅದು ಸಾರ್ವಜನಿಕ ಹಿತಕ್ಕೆ ವಿರುದ್ಧ ಎಂದು ನಿಯಮ ಮಾಡಿತು. 2017ರಲ್ಲಿ ಕಮಾಂಡರ್‌ಗಳಿಗೆ ಈ ಅವಧಿ ಒಂದು ವರ್ಷವಾಯಿತು. ಮಾಲೀಕ ವಿಮಾನ ಕೊಳ್ಳುವುದನ್ನು, ಟಿಕೆಟ್ ದರ ಇಡುವುದನ್ನು ಮಾರುಕಟ್ಟೆಗೆ ಬಿಟ್ಟ ಸರ್ಕಾರ, ಪೈಲಟ್ ಹೊರಹೋಗುವ ಬಾಗಿಲಿಗೆ ಮಾತ್ರ ತಾನೇ ನಿಂತು ಚಿಲಕ ಹಾಕಿತು. ಅಗ್ಗದ ವಿಮಾನಯಾನದ ಕಾರ್ಮಿಕ ಚರಿತ್ರೆ ಶುರುವಾಗುವುದು ಈ ಆದೇಶದಿಂದ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ತುದಿಯಲ್ಲಿ ಕಿರಿಯರ ಪಾಡು. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು. ಅದರ ಮೇಲೆ ಒಂದೊಂದು ಮಾದರಿಯ ವಿಮಾನಕ್ಕೂ ಪ್ರತ್ಯೇಕ ತರಬೇತಿ. ಈ ಖರ್ಚನ್ನು ಹೆಚ್ಚಾಗಿ ಹೊರುವುದು ಹುಡುಗರ ಮನೆಯವರೇ. ತೋಟ ಅಡವಿಟ್ಟು ಮಗನನ್ನೋ ಮಗಳನ್ನೋ ಜಕ್ಕೂರಿಗೋ ಹೊರದೇಶಕ್ಕೋ ಕಳಿಸಿದ ಮನೆಗಳನ್ನು ನಮ್ಮ ಸೀಮೆಯಲ್ಲಿ ಬಲ್ಲೆ. 2008ರ ಆರ್ಥಿಕ ಕುಸಿತದಲ್ಲಿ ಇಂಥ ಸಾವಿರಾರು ಮಂದಿ ಲೈಸೆನ್ಸ್ ಹಿಡಿದು ಕೆಲಸವಿಲ್ಲದೆ ಕೂತರು. ಮೇಲಿನವನಿಗೆ ಬಿಡುವ ಸ್ವಾತಂತ್ರ್ಯವಿಲ್ಲ, ಕೆಳಗಿನವನಿಗೆ ಸೇರುವ ದಾರಿಯಿಲ್ಲ, ಸೇರಿದವನ ಕೊರಳಿಗೆ ಇಂತಿಷ್ಟು ವರ್ಷ ಬಿಡುವಂತಿಲ್ಲ ಎಂಬ ತರಬೇತಿ ಬಾಂಡ್. ಇಂಥ ಕಡೆ ಸಂಘ ಬೇರೂರುವುದು ಕಷ್ಟ.

ಬೇರೂರಿಸಲು ಹೊರಟವರಿಗೆ ಏನಾಯಿತು ಎಂಬುದನ್ನು 2009 ತೋರಿಸಿತು. ಜೆಟ್ ಏರ್‌ವೇಸ್ ಪೈಲಟ್‌ಗಳು ನ್ಯಾಷನಲ್ ಏವಿಯೇಟರ್ಸ್ ಗಿಲ್ಡ್ ಕಟ್ಟಿದರು. ಮುಂದಾಳುಗಳಾದ ಇಬ್ಬರನ್ನು ಸಂಸ್ಥೆ ವಜಾ ಮಾಡಿತು. ಹೈಕೋರ್ಟ್ ಮುಷ್ಕರಕ್ಕೆ ತಡೆ ಕೊಟ್ಟಿದ್ದರಿಂದ ಸೆಪ್ಟೆಂಬರ್‌ನಲ್ಲಿ ನೂರಾರು ಪೈಲಟ್‌ಗಳು ಒಟ್ಟಿಗೆ ಸಿಕ್ ಲೀವ್ ಹಾಕಿದರು. ಐದು ದಿನದ ಬಳಿಕ ಸಂಸ್ಥೆ ಮಣಿದು ವಜಾ ಆದವರನ್ನು ವಾಪಸು ತೆಗೆದುಕೊಂಡಿತು. ಮುಂದೆ ದೇಶದ ಹಲವು ವಿಮಾನ ಮುಷ್ಕರಗಳು ಸಿಕ್ ಲೀವ್ ರೂಪದಲ್ಲೇ ಬಂದವು. ಕಾಯಿಲೆಯ ಸುಳ್ಳು ಹೇಳದೆ ಬೇಡಿಕೆ ಇಡುವ ದಾರಿ ಅವರಿಗೆ ಉಳಿದಿರಲಿಲ್ಲ.

ಸಂಬಳದ ಸದ್ದಿನಲ್ಲಿ ಮುಚ್ಚಿಹೋದ ವಿಷಯ ನಿದ್ದೆ. ಈ ಸಮೀಕ್ಷೆಯ ತಿರುಳು ಅದೇ. 2007ರ ಜುಲೈನಲ್ಲಿ ಡಿಜಿಸಿಎ ಡ್ಯೂಟಿ ಅವಧಿಗೆ ಹೊಸ ಮಿತಿ ಹಾಕಿತು. ಸಂಸ್ಥೆಗಳು ಒಪ್ಪಲಿಲ್ಲ. 2008ರ ಮೇ ತಿಂಗಳಲ್ಲಿ ಆ ನಿಯಮವನ್ನು ತಡೆಹಿಡಿದು 1992ರ ಹಳೆಯ ಸುತ್ತೋಲೆಗೇ ಮರಳಲಾಯಿತು. ಪೈಲಟ್ ಸಂಘಗಳು ಸುಪ್ರೀಂ ಕೋರ್ಟ್‌ವರೆಗೆ ಹೋದವು. 2011ರಲ್ಲಿ ಅವರ ಮೇಲ್ಮನವಿ ಬಿದ್ದುಹೋಯಿತು.

ಈ ನಡುವೆ 2010ರ ಮೇ 22 ಬಂದುಹೋಗಿತ್ತು. ದುಬೈನಿಂದ ರಾತ್ರಿ ಹೊರಟು ಬೆಳ್ಳಂಬೆಳಿಗ್ಗೆ ಮಂಗಳೂರಿನ ಬಜ್ಪೆಯಲ್ಲಿ ಇಳಿಯುತ್ತಿದ್ದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಮರಿಗೆ ಉರುಳಿತು. ಅದರಲ್ಲಿದ್ದ 166 ಜನರಲ್ಲಿ 158 ಮಂದಿ ಸತ್ತರು. ತನಿಖೆ ಕಂಡ ನೇರ ಕಾರಣ, ಸರಿಯಾದ ಎತ್ತರದಲ್ಲಿಲ್ಲದ ವಿಮಾನವನ್ನು ಕಮಾಂಡರ್ ಇಳಿಸಲು ಹಟ ಹಿಡಿದದ್ದು. ಮತ್ತೆ ಮೇಲೇರೋಣ ಎಂದು ಸಹಪೈಲಟ್ ಮೂರು ಸಲ ಹೇಳಿದರೂ ಕೇಳದಿದ್ದದ್ದು. ಅದರ ಜೊತೆಗೆ ಧ್ವನಿಮುದ್ರಣ ಇನ್ನೊಂದನ್ನೂ ಹೇಳಿತು: ಸುಮಾರು 1 ಗಂಟೆ 40 ನಿಮಿಷ ಕಮಾಂಡರ್ ನಿದ್ದೆಯಲ್ಲಿದ್ದರು. ನಿದ್ದೆಯಿಂದೆದ್ದ ಮಂಪರು ಅವರ ತೀರ್ಮಾನವನ್ನು ಕೆಡಿಸಿರಬಹುದು ಎಂದು ತನಿಖಾ ವರದಿ ಬರೆಯಿತು. ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ಮನುಷ್ಯನ ಮೈ ನಿದ್ದೆ ಕೇಳುತ್ತದೆ. ಲೈಸೆನ್ಸ್ ಅದನ್ನು ಬದಲಿಸಲಾರದು. 2011ರ ಆಗಸ್ಟ್‌ನಲ್ಲಿ ಡಿಜಿಸಿಎ ಹೊಸ ಡ್ಯೂಟಿ ನಿಯಮ ತಂದಿತು. ಕರಾವಳಿಯ ಅಷ್ಟು ಮನೆಗಳು ಬೆಲೆ ತೆತ್ತ ಮೇಲೆ.

ಕಿಂಗ್‌ಫಿಷರ್ ನನ್ನ ತಲೆಮಾರಿನ ಬೆಂಗಳೂರಿಗರು ಹತ್ತಿರದಿಂದ ಕಂಡ ಪತನ. 2007ರಲ್ಲಿ ಅದರ ಮಾಲೀಕರಾದ ಯುಬಿ ಗುಂಪು ಏರ್ ಡೆಕ್ಕನ್‌ನ ಶೇ 26ರಷ್ಟು ಪಾಲು ಕೊಂಡಿತು, ಮರುವರ್ಷ ಎರಡೂ ಒಂದಾದವು. ಜಾವಗಲ್ಲಿನ ರೈತ ಕಟ್ಟಿದ ಅಗ್ಗದ ವಿಮಾನ ಕಿಂಗ್‌ಫಿಷರ್ ರೆಡ್ ಆಯಿತು. 2011ರಲ್ಲಿ ಅದನ್ನೂ ನಿಲ್ಲಿಸುವ ಘೋಷಣೆ ಬಂತು. 2012ರಲ್ಲಿ ಸಂಬಳ ತಿಂಗಳುಗಟ್ಟಲೆ ನಿಂತಿತು. ಸಂಬಳದಲ್ಲಿ ಹಿಡಿದ ತೆರಿಗೆ ಸರ್ಕಾರಕ್ಕೆ ಸೇರದೆ ಆದಾಯ ತೆರಿಗೆ ಇಲಾಖೆ ಸಂಸ್ಥೆಯ ಖಾತೆಗಳನ್ನು ತಡೆಹಿಡಿಯಿತು. ಪೈಲಟ್‌ಗಳು, ಎಂಜಿನಿಯರ್‌ಗಳು ಮತ್ತೆ ಮತ್ತೆ ಕೆಲಸ ನಿಲ್ಲಿಸಿದರು. ಅಕ್ಟೋಬರ್ 1ರಂದು ಸಂಸ್ಥೆ ಭಾಗಶಃ ಲಾಕೌಟ್ ಘೋಷಿಸಿತು, ಅಕ್ಟೋಬರ್ 20ರಂದು ಡಿಜಿಸಿಎ ಪರವಾನಗಿ ಅಮಾನತು ಮಾಡಿತು. 2016ರ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಕಂಪನಿಯನ್ನು ಮುಚ್ಚಲು ಆದೇಶಿಸಿತು. 2017ರ ಜನವರಿಯಲ್ಲಿ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ ಬ್ಯಾಂಕುಗಳಿಗೆ 6,203 ಕೋಟಿ ರೂಪಾಯಿಯನ್ನು ಬಡ್ಡಿಸಹಿತ ವಸೂಲು ಮಾಡಲು ಅನುಮತಿ ಕೊಟ್ಟಿತು. ಬ್ಯಾಂಕುಗಳ ಬಾಕಿಯ ಲೆಕ್ಕ ದೇಶಕ್ಕೆಲ್ಲ ಬಾಯಿಪಾಠ. ಅದೇ ಕಂಪನಿಯ ನೌಕರರ ಬಾಕಿ ಎಷ್ಟು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ.

ಅಗ್ಗದ ದರ ಬೇಕಾದರೆ ಸಂಘ ಬೇಡ ಎಂಬ ಮಾತಿಗೆ ಹೊರಗಿನ ಚರಿತ್ರೆ ಉತ್ತರ ಕೊಟ್ಟಿದೆ. ಅಗ್ಗದ ವಿಮಾನಯಾನಕ್ಕೆ ಮಾದರಿಯಾದ ಅಮೆರಿಕದ ಸೌತ್‌ವೆಸ್ಟ್ ಹಾರತೊಡಗಿದ್ದು 1971ರಲ್ಲಿ; ಅದರ ಪೈಲಟ್ ಸಂಘ 1978ರದು. ಸಂಘವನ್ನು ಇಟ್ಟುಕೊಂಡೇ ಆ ಸಂಸ್ಥೆ ದಶಕಗಳ ಕಾಲ ಸತತ ಲಾಭ ಮಾಡಿತು. ಐರ್ಲೆಂಡಿನ ರಯಾನ್‌ಏರ್ ಸಂಘವನ್ನು ಹತ್ತಿರ ಸೇರಿಸಲಿಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಅದರ ರಜೆ ಮತ್ತು ರೋಸ್ಟರ್ (ಡ್ಯೂಟಿ ಪಟ್ಟಿ) ಲೆಕ್ಕ ಕುಸಿದು ಸಾವಿರಾರು ವಿಮಾನ ರದ್ದಾದವು. ಡಿಸೆಂಬರ್‌ನಲ್ಲಿ ಅದು ಮೊದಲ ಬಾರಿಗೆ ಪೈಲಟ್ ಸಂಘಗಳನ್ನು ಮಾನ್ಯ ಮಾಡಲು ಒಪ್ಪಿತು. ನಮ್ಮಲ್ಲಿ ಅನುಕರಣೆಗೆ ಸಿಕ್ಕದ್ದು ರಯಾನ್‌ಏರಿನ ಮೊದಲ ಅರ್ಧ ಮಾತ್ರ.

ಕೋವಿಡ್ ಕಾಲದಲ್ಲಿ ಸಂಬಳಕ್ಕೆ ಕತ್ತರಿ ಬಿತ್ತು. ಪ್ರಯಾಣಿಕರು ಮರಳಿದಷ್ಟು ಬೇಗ ಸಂಬಳ ಮರಳಲಿಲ್ಲ. 2022ರ ಏಪ್ರಿಲ್‌ನಲ್ಲಿ ಮುಷ್ಕರಕ್ಕೆ ಸಿದ್ಧರಾಗಿದ್ದ ಕೆಲವು ಪೈಲಟ್‌ಗಳನ್ನು ಇಂಡಿಗೊ ಅಮಾನತು ಮಾಡಿತು. 2023ರಲ್ಲಿ ಆಕಾಶ ಏರ್, ನೋಟಿಸ್ ಅವಧಿ ಮುಗಿಸದೆ ಹೋದ ಪೈಲಟ್‌ಗಳ ಮೇಲೆ ಕೋರ್ಟಿಗೆ ಹೋಯಿತು. 2024ರಲ್ಲಿ ವಿಸ್ತಾರಾ ಪೈಲಟ್‌ಗಳ ಸಿಟ್ಟಿಗೆ ಕಾರಣ, ತಿಂಗಳಿಗೆ 70 ಗಂಟೆಯ ಖಾತರಿ ಸಂಬಳವನ್ನು 40 ಗಂಟೆಗೆ ಇಳಿಸಿದ ಕರಾರು. ಕೊಬ್ಬರಿ ದರ ಕುಸಿದಾಗ ತಿಪಟೂರು ಎಪಿಎಂಸಿ ಮುಂದೆ ಬೆಂಬಲ ಬೆಲೆಗಾಗಿ ಕೂತ ನಮ್ಮ ರೈತನಿಗೆ ಈ ಖಾತರಿಯ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮಾರುಕಟ್ಟೆ ಎಷ್ಟೇ ಬೀಳಲಿ, ಇದಕ್ಕಿಂತ ಕೆಳಗೆ ಬೇಡ ಎಂಬ ಒಂದು ನೆಲವನ್ನು ಇಬ್ಬರೂ ಕೇಳುತ್ತಿದ್ದಾರೆ. ಅದೇ ವರ್ಷ ಮೇನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಕ್ಯಾಬಿನ್ ಸಿಬ್ಬಂದಿ ಸಿಕ್ ಲೀವ್ ಹಾಕಿದರು. ವಜಾಗೊಂಡ 25 ಮಂದಿ ಮರಳಿದ್ದು ಕೇಂದ್ರ ಮುಖ್ಯ ಕಾರ್ಮಿಕ ಆಯುಕ್ತರ ಎದುರು ಎರಡೂ ಕಡೆ ಕೂತು ಮಾತಾಡಿದ ಮೇಲೆ. ಮೇಜು ಹಾಕಿದರೆ ಜಗಳ ಮುಗಿಯುತ್ತದೆ ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ಈಗ ಮತ್ತೆ 2025ರ ಡಿಸೆಂಬರಿಗೆ ಬರೋಣ. 2024ರ ಜನವರಿಯಲ್ಲಿ ಡಿಜಿಸಿಎ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸಿತು, ರಾತ್ರಿಯ ಇಳಿಯುವಿಕೆಗಳನ್ನು ಆರರಿಂದ ಎರಡಕ್ಕೆ ಇಳಿಸಿತು. ಜೂನ್ 1ರಿಂದ ಜಾರಿ ಎಂದರು. ಸಂಸ್ಥೆಗಳ ಒತ್ತಾಯಕ್ಕೆ ಮುಂದೂಡಿದರು. ಪೈಲಟ್ ಸಂಘಗಳು ದೆಹಲಿ ಹೈಕೋರ್ಟಿನಲ್ಲಿ ಪಟ್ಟು ಹಿಡಿದ ಮೇಲೆ 2025ರ ಜುಲೈ 1 ಮತ್ತು ನವೆಂಬರ್ 1ರಂದು ಎರಡು ಹಂತದಲ್ಲಿ ಜಾರಿಯಾಯಿತು. ಇಷ್ಟು ಸಮಯವಿದ್ದೂ ಇಂಡಿಗೊ ಬೇಕಾದಷ್ಟು ಪೈಲಟ್‌ಗಳನ್ನು ಸಜ್ಜು ಮಾಡಿಕೊಂಡಿರಲಿಲ್ಲ. ವಿಮಾನ ನಿಂತ ಕೂಡಲೇ ಡಿಜಿಸಿಎ ಆ ಸಂಸ್ಥೆಗೆ ರಾತ್ರಿ ಡ್ಯೂಟಿಯ ನಿಯಮಗಳಿಂದ 2026ರ ಫೆಬ್ರುವರಿ 10ರವರೆಗೆ ವಿನಾಯಿತಿ ಕೊಟ್ಟಿತು. ವಾರದ ವಿಶ್ರಾಂತಿಗೆ ಬದಲು ರಜೆಯನ್ನು ಲೆಕ್ಕಕ್ಕೆ ಹಿಡಿಯಬಾರದು ಎಂಬ ಷರತ್ತನ್ನೂ ಹಿಂತೆಗೆದುಕೊಂಡಿತು. 2008ರಲ್ಲಿ ತಡೆ, 2024ರಲ್ಲಿ ಮುಂದೂಡಿಕೆ, 2025ರಲ್ಲಿ ವಿನಾಯಿತಿ. ಮೂರು ಸಲವೂ ಸೋತದ್ದು ನಿದ್ದೆ.

ಪೈಲಟ್ ಲಕ್ಷಗಟ್ಟಲೆ ಸಂಬಳ ಎಣಿಸುವವನು, ಅವನೆಂಥ ಕಾರ್ಮಿಕ ಎಂಬ ಮಾತು ಪಟ್ಟಣದಲ್ಲೂ ಹಳ್ಳಿಯಲ್ಲೂ ಓಡಾಡುತ್ತದೆ. ರೋಸ್ಟರ್ ಬರೆಯುವವನು ಇನ್ನೊಬ್ಬನಾಗಿರುವಾಗ ಸಂಬಳದ ಮೊತ್ತ ಯಾರನ್ನೂ ಮಾಲೀಕನನ್ನಾಗಿ ಮಾಡುವುದಿಲ್ಲ. ಆದರೆ ಕಾನೂನು ಇನ್ನೊಂದು ದಿಕ್ಕಿಗೆ ನಡೆದಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆ ಪ್ರಕಾರ, ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಡೆಯುವ ಮೇಲ್ವಿಚಾರಕ ಕಾರ್ಮಿಕನಲ್ಲ. ಅರ್ಧ ಅಥವಾ ಅದಕ್ಕಿಂತ ಹೆಚ್ಚು ಮಂದಿ ಒಂದೇ ದಿನ ಒಟ್ಟಾಗಿ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರ. ಮುಷ್ಕರಕ್ಕೆ 14 ದಿನದ ನೋಟಿಸ್ ಬೇಕು. ಕಮಾಂಡರ್ ಮೇಲ್ವಿಚಾರಕನೇ ಎಂಬ ವಾದ ಇನ್ನು ಪ್ರತಿಯೊಂದು ಪ್ರಕರಣದಲ್ಲೂ ಎದ್ದೇಳುತ್ತದೆ.

ಈ ಕ್ಷೇತ್ರದಲ್ಲಿ ಆಗಬೇಕಾದ ಕೆಲಸ ಬಹಳವಿದೆ. ಏರ್ ಡೆಕ್ಕನ್, ಕಿಂಗ್‌ಫಿಷರ್‌ಗಳಲ್ಲಿ ದುಡಿದ ಪೈಲಟ್, ಎಂಜಿನಿಯರ್, ಲೋಡರ್‌ಗಳು ಇನ್ನೂ ನಮ್ಮ ನಡುವೆ ಇದ್ದಾರೆ; ಅವರ ಮಾತುಗಳನ್ನು ವಿಶ್ವವಿದ್ಯಾಲಯಗಳು ಈಗಲೇ ದಾಖಲಿಸಬೇಕು. ದಣಿವಿನ ಬಗ್ಗೆ ಪೈಲಟ್‌ಗಳು ಕೊಡುವ ವರದಿಗಳು ಎಷ್ಟು, ಅದರಲ್ಲಿ ಸಂಸ್ಥೆ ಒಪ್ಪಿದ್ದೆಷ್ಟು ಎಂಬುದನ್ನು ಡಿಜಿಸಿಎ ಸಂಸ್ಥೆವಾರು ಪ್ರಕಟಿಸಬೇಕು. ಪ್ರತಿ ಸಂಸ್ಥೆಯೂ ಪೈಲಟ್ ಸಂಘವನ್ನು ಮಾನ್ಯ ಮಾಡಿ ರೋಸ್ಟರ್ ಬಗ್ಗೆ ಅದರೊಡನೆ ಮಾತಾಡಬೇಕೆಂಬ ಷರತ್ತು ಪರವಾನಗಿಯಲ್ಲೇ ಇರಬೇಕು. ಅಗ್ಗದ ಟಿಕೆಟ್ ನಮ್ಮಂಥ ಊರುಗಳವರನ್ನು ವಿಮಾನ ಹತ್ತಿಸಿದೆ, ಅದು ಉಳಿಯಲಿ. ಮುಂದಿನ ಸಲ ವಿಮಾನ ರದ್ದಾದಾಗ, ಪೈಲಟ್ ಯಾಕೆ ಬರಲಿಲ್ಲ ಎಂದು ಕೇಳುವ ಮೊದಲು, ಅವನಿಗೆ ಮಲಗಲು ಎಷ್ಟು ಗಂಟೆ ಕೊಟ್ಟಿದ್ದಿರಿ ಎಂದು ಸಂಸ್ಥೆಯನ್ನೂ ಸರ್ಕಾರವನ್ನೂ ಕೇಳಿ. ಆ ಪ್ರಶ್ನೆ ಕೇಳುವ ಹಕ್ಕು ಟಿಕೆಟ್ ಕೊಂಡ ಪ್ರತಿಯೊಬ್ಬರಿಗೂ ಇದೆ.