ಆ್ಯಪ್‌ಗೆ ಓಪನ್ ಸೋರ್ಸ್ ಫೈಲ್ ಸಿಂಕ್ ಸೇರಿಸುತ್ತಿದ್ದೀರಾ? ಮೊದಲು ಲೈಸೆನ್ಸ್ ಓದಿ, ಇಲ್ಲಿದೆ ಮಾಹಿತಿ

ನಾಸಿಕ್ ಜಿಲ್ಲೆಯ ದಿಂಡೋರಿಯಲ್ಲಿ ದ್ರಾಕ್ಷಿ ಬೆಳೆಗಾರರು ತೋಟದಲ್ಲೇ ನಿಂತು ಬೆಳೆಯ ಫೋಟೊ ತೆಗೆಯುತ್ತಾರೆ ಎಂದುಕೊಳ್ಳಿ. ಆ ಹೊತ್ತಿಗೆ ನೆಟ್‌ವರ್ಕ್ ಇಲ್ಲ. ಸಿಗ್ನಲ್ ಬಂದ ಕೂಡಲೇ ಆ ಫೋಟೊಗಳು ಛತ್ರಪತಿ ಸಂಭಾಜಿನಗರದ ಖರೀದಿದಾರರ ಕಚೇರಿಗೆ ತಾವಾಗಿಯೇ ತಲುಪಬೇಕು. ಇಂಥ ಆ್ಯಪ್ ಮಾಡಿಕೊಡುವ ಸಣ್ಣ ಸಾಫ್ಟ್‌ವೇರ್ ಕಂಪನಿಗೆ ಉಚಿತವಾಗಿ ಸಿಗುವ ಓಪನ್ ಸೋರ್ಸ್ ಸಿಂಕ್ ಕೋಡ್ ಬಳಸುವುದೇ ಸುಲಭದ ದಾರಿ. ಆದರೆ ಉಚಿತ ಎಂದ ಮಾತ್ರಕ್ಕೆ ಷರತ್ತು ಇಲ್ಲ ಎಂದರ್ಥವಲ್ಲ. ಲೈಸೆನ್ಸ್ ಓದದೆ ಮುಂದುವರಿದರೆ ಖರೀದಿದಾರರಿಗೆ ಕೊಟ್ಟ ಮಾತನ್ನೇ ಉಳಿಸಿಕೊಳ್ಳಲಾಗದ ಸ್ಥಿತಿ ಬರಬಹುದು.

ಸರ್ವರ್ ಬೇರೆ, ಮೊಬೈಲ್ ಬೇರೆ

ಜಿಪಿಎಲ್ ಲೈಸೆನ್ಸ್‌ನ ಕೋಡ್ ಅನ್ನು ಕಂಪನಿ ತನ್ನದೇ ಸರ್ವರ್‌ನಲ್ಲಿ ಓಡಿಸಿದರೆ ಸೋರ್ಸ್ ಕೋಡ್ ಕೊಡುವ ಬಾಧ್ಯತೆ ಬರುವುದಿಲ್ಲ. ಅದೇ ಕೋಡ್ ಅನ್ನು ಆ್ಯಪ್‌ನೊಳಗೆ ಸೇರಿಸಿ ರೈತರ ಫೋನ್‌ಗೆ ಕೊಟ್ಟರೆ ಅದು ವಿತರಣೆ ಎನಿಸಿಕೊಳ್ಳುತ್ತದೆ. ಆಗ ಆ್ಯಪ್ ಪಡೆದವರಿಗೆ ಇಡೀ ಆ್ಯಪ್‌ನ ಸೋರ್ಸ್ ಕೋಡ್ ಅನ್ನು ಜಿಪಿಎಲ್ ಅಡಿಯಲ್ಲೇ ಒದಗಿಸಬೇಕು. ‘ಸೋರ್ಸ್ ಕೋಡ್ ನಮಗೆ ಬಿಟ್ಟು ಬೇರೆ ಯಾರಿಗೂ ಸಿಗಬಾರದು’ ಎಂದು ಖರೀದಿದಾರರು ಒಪ್ಪಂದದಲ್ಲಿ ಬರೆಸಿಕೊಂಡಿದ್ದರೆ ಎರಡನ್ನೂ ಪಾಲಿಸುವುದು ಅಸಾಧ್ಯ.

ಎಜಿಪಿಎಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕೋಡ್ ತಿದ್ದಿ ಸರ್ವರ್‌ನಲ್ಲಿ ಓಡಿಸಿದರೂ, ನೆಟ್‌ವರ್ಕ್ ಮೂಲಕ ಅದನ್ನು ಬಳಸುವವರಿಗೆ ತಿದ್ದಿದ ಸೋರ್ಸ್ ಸಿಗುವಂತೆ ಮಾಡಬೇಕು.

ಯಾವುದಕ್ಕೆ ಯಾವ ಲೈಸೆನ್ಸ್?

* ಆರ್‌ಸಿಂಕ್: 3.0 ಆವೃತ್ತಿಯಿಂದ ಜಿಪಿಎಲ್ 3. ಮುಚ್ಚಿದ ಕೋಡ್‌ನ ಆ್ಯಪ್‌ನೊಳಗೆ ಬೆರೆಸುವಂತಿಲ್ಲ.
* ಸಿಂಕ್‌ಥಿಂಗ್: ಎಂಪಿಎಲ್ 2.0. ಅದರ ಫೈಲ್‌ಗಳನ್ನು ಮತ್ತು ಅವುಗಳಲ್ಲಿ ನೀವು ಮಾಡಿದ ಬದಲಾವಣೆಯನ್ನು ತೆರೆದಿಟ್ಟರೆ ಸಾಕು. ನೀವೇ ಬೇರೆ ಫೈಲ್‌ಗಳಲ್ಲಿ ಬರೆದ ಕೋಡ್ ನಿಮ್ಮದಾಗಿಯೇ ಉಳಿಯುತ್ತದೆ.
* ಆರ್‌ಕ್ಲೋನ್: ಎಂಐಟಿ. ಕಾಪಿರೈಟ್ ಸೂಚನೆ ಮತ್ತು ಲೈಸೆನ್ಸ್ ಪಠ್ಯವನ್ನು ಆ್ಯಪ್ ಜೊತೆ ಕೊಡಬೇಕು.
* ನೆಕ್ಸ್ಟ್‌ಕ್ಲೌಡ್: ಸರ್ವರ್ ಎಜಿಪಿಎಲ್ 3, ಆಂಡ್ರಾಯ್ಡ್ ಆ್ಯಪ್ ಜಿಪಿಎಲ್ ಕುಟುಂಬದ್ದು. ಆದರೆ ಬೇರೆ ಆ್ಯಪ್‌ಗಳಲ್ಲಿ ಸೇರಿಸಿಕೊಳ್ಳಲೆಂದೇ ಇರುವ ಅದರ ಆಂಡ್ರಾಯ್ಡ್ ಲೈಬ್ರರಿ ಎಂಐಟಿ ಲೈಸೆನ್ಸ್‌ನಲ್ಲಿದೆ.

ಒಂದೇ ಯೋಜನೆಯ ಬೇರೆ ಬೇರೆ ಭಾಗಗಳಿಗೆ ಬೇರೆ ಬೇರೆ ಲೈಸೆನ್ಸ್ ಇರಬಹುದು ಎಂಬುದಕ್ಕೆ ನೆಕ್ಸ್ಟ್‌ಕ್ಲೌಡ್ ಉತ್ತಮ ಉದಾಹರಣೆ. ಯಾವ ಭಾಗದಿಂದ ಕೋಡ್ ತೆಗೆದುಕೊಂಡಿರಿ ಎಂಬುದೇ ಇಲ್ಲಿ ಮುಖ್ಯ. ಕೋಡ್ ತೆಗೆದುಕೊಳ್ಳದೆ, ವೆಬ್‌ಡ್ಯಾವ್‌ನಂಥ ಮುಕ್ತ ಪ್ರೋಟೋಕಾಲ್ ಮೂಲಕ ಸರ್ವರ್ ಜೊತೆ ಸಂಪರ್ಕ ಸಾಧಿಸುವ ಆ್ಯಪ್‌ಗೆ ಸಾಮಾನ್ಯವಾಗಿ ಸರ್ವರ್‌ನ ಲೈಸೆನ್ಸ್ ಅಂಟಿಕೊಳ್ಳುವುದಿಲ್ಲ.

ಆ್ಯಪ್ ಸ್ಟೋರ್ ಪಾಠ

ಕೋಡ್ ತೆರೆದಿಟ್ಟರೂ ಸಮಸ್ಯೆ ಮುಗಿಯದೇ ಇರಬಹುದು. ಜಿಪಿಎಲ್ ಕೊಡುವ ಸ್ವಾತಂತ್ರ್ಯಕ್ಕೂ ಆ್ಯಪಲ್ ಆ್ಯಪ್ ಸ್ಟೋರ್‌ನ ನಿಯಮಗಳಿಗೂ ಹೊಂದಿಕೆಯಾಗದು ಎಂದು ವಿಎಲ್‌ಸಿ ಪ್ಲೇಯರ್‌ನ ಡೆವಲಪರ್ ಒಬ್ಬರು ದೂರಿದ್ದರು. 2011ರ ಜನವರಿಯಲ್ಲಿ ವಿಎಲ್‌ಸಿಯನ್ನು ಆ್ಯಪ್ ಸ್ಟೋರ್‌ನಿಂದ ತೆಗೆಯಲಾಯಿತು. ಲೈಸೆನ್ಸ್ ಬದಲಿಸಿದ ಬಳಿಕ, 2013ರ ಜುಲೈನಲ್ಲಷ್ಟೇ ಅದು ಮರಳಿ ಬಂತು.

ಕಾನೂನು ಏನು ಹೇಳುತ್ತದೆ?

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 2(ಒ) ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯೇ. ಲೈಸೆನ್ಸ್ ಮೀರಿ ಪ್ರತಿ ಹಂಚಿದರೆ ಹಕ್ಕುದಾರರು ಸೆಕ್ಷನ್ 55ರ ಅಡಿ ತಡೆಯಾಜ್ಞೆ ಮತ್ತು ಪರಿಹಾರ ಕೋರಬಹುದು. ಜರ್ಮನಿಯ ಮ್ಯೂನಿಕ್ ನ್ಯಾಯಾಲಯ 2004ರಲ್ಲೇ ಜಿಪಿಎಲ್ ಷರತ್ತುಗಳನ್ನು ಎತ್ತಿಹಿಡಿದಿತ್ತು.

ಆ್ಯಪ್ ಮಾಡುವವರು ಗಮನಿಸಬೇಕಾದ್ದು

* ಕೋಡ್ ಸೇರಿಸುವ ಮೊದಲೇ ಪ್ರತಿ ಲೈಬ್ರರಿಯ ಹೆಸರು, ಆವೃತ್ತಿ, ಲೈಸೆನ್ಸ್ ಬರೆದಿಡಿ. ಆ ಲೈಬ್ರರಿ ಅವಲಂಬಿಸಿರುವ ಇತರ ಲೈಬ್ರರಿಗಳನ್ನೂ ಪಟ್ಟಿಗೆ ಸೇರಿಸಿ.
* ಆ್ಯಪ್‌ನಲ್ಲಿ ‘ಓಪನ್ ಸೋರ್ಸ್ ಲೈಸೆನ್ಸ್‌ಗಳು’ ಎಂಬ ಪುಟ ಇರಲಿ.
* ಕೋಡ್ ಬಳಸುವ ಅನುಮತಿ ಇದ್ದ ಮಾತ್ರಕ್ಕೆ ಆ ಯೋಜನೆಯ ಹೆಸರು, ಲೋಗೊ ಬಳಸುವ ಹಕ್ಕು ಸಿಗುವುದಿಲ್ಲ.
* ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಈ ಪಟ್ಟಿಯನ್ನು ಗ್ರಾಹಕರಿಗೆ ತೋರಿಸಿ. ಅನುಮಾನವಿದ್ದರೆ ವಕೀಲರ ಸಲಹೆ ಪಡೆಯಿರಿ.

ಲೈಬ್ರರಿ ಆಯ್ಕೆ ಮಾಡುವ ದಿನ ಲೈಸೆನ್ಸ್ ಓದಲು ಕೆಲವೇ ನಿಮಿಷ ಸಾಕು. ಆ್ಯಪ್ ರೈತರ ಕೈಸೇರಿದ ಮೇಲೆ ಸಿಂಕ್ ಭಾಗವನ್ನು ಕಿತ್ತು ಹೊಸದಾಗಿ ಬರೆಯಲು ತಿಂಗಳುಗಳೇ ಬೇಕಾಗಬಹುದು.