ಜರ್ಮನಿಯ ಕಾಡಿನಲ್ಲಿ ನಮ್ಮವರು

ಮೊದಲ ಮಹಾಯುದ್ಧದಲ್ಲಿ ನಮ್ಮ ಸೈನಿಕರು ಫ್ರಾನ್ಸಿನಲ್ಲಿ ಕಾದಾಡಿದ್ದು ಹಲವರಿಗೆ ಗೊತ್ತು. ಜರ್ಮನಿಯಲ್ಲಿ ಮಣ್ಣಾದವರ ವಿಷಯ ಗೊತ್ತೇ?

ಬರ್ಲಿನ್‌ನಿಂದ ದಕ್ಷಿಣಕ್ಕೆ ಸುಮಾರು 40 ಕಿ.ಮೀ. ದೂರದ ಕಾಡಿನಲ್ಲಿ ಜೆಹ್ರೆನ್ಸ್‌ಡಾರ್ಫ್ ಸ್ಮಶಾನವಿದೆ. ಆ ಹೆಸರಿನ ಹಳ್ಳಿ ಈಗಿಲ್ಲ. ಅಲ್ಲಿ ಸ್ಮರಿಸಲ್ಪಟ್ಟ 206 ಭಾರತೀಯ ಸೈನಿಕರಲ್ಲಿ ಹೆಚ್ಚಿನವರು ಯುದ್ಧಕೈದಿಗಳು. ಬ್ರಿಟಿಷರ ವಿರುದ್ಧ ತಿರುಗಿಸಲೆಂದು ಜರ್ಮನರು ಇಂಥವರನ್ನು ಹತ್ತಿರದ 'ಅರ್ಧಚಂದ್ರ ಶಿಬಿರ'ದಲ್ಲಿಟ್ಟು, 1915ರಲ್ಲಿ ಮಸೀದಿಯನ್ನೂ ಕಟ್ಟಿಸಿಕೊಟ್ಟರು. ಉಪಚಾರವೇನೋ ಆಯಿತು, ಕ್ಷಯ ಮಾತ್ರ ಬಿಡಲಿಲ್ಲ.

1916ರ ಡಿಸೆಂಬರ್‌ನಲ್ಲಿ ಅಲ್ಲಿನ ಕೈದಿ ಮಲ್ ಸಿಂಗ್ ಧ್ವನಿಮುದ್ರಣ ಯಂತ್ರದ ಮುಂದೆ ನಿಂತು ಊರಿನ ಬೆಣ್ಣೆಯನ್ನು ನೆನೆದ. ಆ ದನಿ ಬರ್ಲಿನ್ನಿನ ವಿಶ್ವವಿದ್ಯಾಲಯದಲ್ಲಿ ಉಳಿದಿದೆ. ಸಮಾಧಿಗಳು ಮಾತ್ರ ಸೋವಿಯತ್ ಸೇನೆಯ ವಶದಲ್ಲಿದ್ದ ಪ್ರದೇಶದಲ್ಲಿ ಪಾಳುಬಿದ್ದವು. ಆ ಸೇನೆ 1994ರಲ್ಲಿ ತೆರಳಿತು, 2005ರಲ್ಲಿ ದುರಸ್ತಿ ಮುಗಿಯಿತು.

ಯಾರದೋ ಯುದ್ಧ, ಯಾರದೋ ಕಾಡು... ಸತ್ತವರು ಮಾತ್ರ ನಮ್ಮವರು.